ಅಜ್ಜಿಯನ್ನು ಯಾರೂ ಕೇಳಿರಲಿಲ್ಲ

ಭೂಮಿ ಕೇಳಲು ಹೊರಟವರಿಗೆ ಭಾಷೆ ಸಿಕ್ಕಿತು.

ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಆಳ್ವಿಕೆ ಮುಗಿದು 1994ರಲ್ಲಿ ಹೊಸ ಸರ್ಕಾರ ಬಂದಾಗ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಕಸಿದುಕೊಂಡ ನೆಲವನ್ನು ಮರಳಿ ಕೊಡುವ ಕಾನೂನು. ಕಲಹರಿ ಮರುಭೂಮಿಯ ದಕ್ಷಿಣ ಅಂಚಿನ ಖೋಮಾನಿ ಸ್ಯಾನ್ ಜನ ಮರುವರ್ಷವೇ ಅರ್ಜಿ ಹಾಕಿದರು. ನೋಸಬ್ ಮತ್ತು ಔಒಬ್ ಎಂಬ ಎರಡು ಒಣನದಿಗಳ ನಡುವಿನ ಕೆಂಪು ಮರಳುಗುಡ್ಡಗಳಲ್ಲಿ ಬೇಟೆಯಾಡಿ, ಗೆಡ್ಡೆ ಅಗೆದು, ಕಾಡುಕಲ್ಲಂಗಡಿಯ ನೀರು ಕುಡಿದು ಬದುಕಿದವರು ಅವರು. 1931ರಲ್ಲಿ ಅಲ್ಲಿ ಕಲಹರಿ ಗೆಮ್ಸ್‌ಬಾಕ್ ರಾಷ್ಟ್ರೀಯ ಉದ್ಯಾನ ಎದ್ದಿತು. ಮುಂದಿನ ನಾಲ್ಕು ದಶಕಗಳಲ್ಲಿ ಒಂದೊಂದೇ ಕುಟುಂಬವಾಗಿ ಎಲ್ಲರನ್ನೂ ಹೊರಗಟ್ಟಲಾಯಿತು. ಪ್ರಾಣಿಗಳು ಉಳಿದವು, ಮನುಷ್ಯರು ಚದುರಿದರು.

ನೆಲ ನಮ್ಮದು ಎನ್ನಲು ಸಾಕ್ಷಿ ಬೇಕು. ದಾನಪತ್ರವಿಲ್ಲ, ಶಾಸನವಿಲ್ಲ, ಸರ್ವೆ ನಂಬರಿಲ್ಲ. ಇದ್ದದ್ದು ನೆನಪು ಮಾತ್ರ. ಆ ನೆನಪು ಯಾವ ಭಾಷೆಯಲ್ಲಿತ್ತೋ ಆ ಭಾಷೆ ಮುಗಿದುಹೋಗಿದೆ ಎಂದು ವಿದ್ವಾಂಸರು 1970ರ ದಶಕದಲ್ಲೇ ಷರಾ ಬರೆದಾಗಿತ್ತು. ಪಟ್ಟಿಗಳಲ್ಲಿ ಅದರ ಹೆಸರಿನ ಮುಂದೆ ‘ನಂದಿದ ಭಾಷೆ’ ಎಂದಿತ್ತು.

ಆಗ ಪೆಟ್ರಸ್ ಫಾಲ್‌ಬೋಯ್ ಎಂಬ ಖೋಮಾನಿ ಮುಖಂಡರು ಮುಂದೆ ಬಂದರು. ಅವರ ತಾಯಿ ಎಲ್ಸಿ, ನಮೀಬಿಯಾ ಗಡಿಗೆ ಹತ್ತಿರದ ರೀಟ್‌ಫೊಂಟೇನ್ ಎಂಬ ಊರಿನಲ್ಲಿದ್ದರು. ತೊಂಬತ್ತು ದಾಟಿದ ಜೀವ. ಅವರಿಗೆ ಆ ನುಡಿ ಬರುತ್ತಿತ್ತು.

1997ರಲ್ಲಿ ಭಾಷಾತಜ್ಞ ನೈಜೆಲ್ ಕ್ರಾಹಾಲ್, ದಕ್ಷಿಣ ಆಫ್ರಿಕಾ ಸ್ಯಾನ್ ಸಂಸ್ಥೆಯ ಪರವಾಗಿ ಆ ಅಜ್ಜಿಯ ಮುಂದೆ ಕುಳಿತರು. ಸ್ಯಾನ್ ಭಾಷೆಗಳ ದೊಡ್ಡ ಪಂಡಿತ, ಜೊಹಾನ್ಸ್‌ಬರ್ಗಿನ ಪ್ರೊಫೆಸರ್ ಆಂಥೊನಿ ಟ್ರೇಲ್ ಕೂಡ ಕೇಳಿದರು. 1930ರ ದಶಕದಲ್ಲಿ ದಾಖಲಾಗಿ ಆಮೇಲೆ ಕಳೆದುಹೋಯಿತೆಂದು ನಂಬಿದ್ದ ಅದೇ ಭಾಷೆ ಇದು ಎಂದು ಖಚಿತವಾಯಿತು. ಸತ್ತಿದೆ ಎಂದು ಬರೆದಿಟ್ಟ ಎರಡು ದಶಕಗಳ ಉದ್ದಕ್ಕೂ ಎಲ್ಸಿ ಬದುಕಿದ್ದರು, ಅವರ ನಾಲಗೆಯ ಮೇಲೆ ಅದೂ ಬದುಕಿತ್ತು. ಯಾರೂ ಅವರನ್ನು ಕೇಳಿರಲಿಲ್ಲ, ಅಷ್ಟೆ.

ಈ ಭಾಷೆಯ ಹೆಸರನ್ನು ಕನ್ನಡದಲ್ಲಿ ಬರೆಯುವುದೇ ಕಷ್ಟ. ‘ನೂ’ ಎಂದು ಬರೆಯುತ್ತೇನೆ, ಆದರೆ ಹೇಳುವಾಗ ಆ ನಕಾರಕ್ಕೆ ಅಂಟಿಕೊಂಡೇ ಒಂದು ಲೊಚ್ ಸದ್ದು ಬರಬೇಕು. ಅಯ್ಯೋ ಪಾಪ ಎನ್ನುವಾಗ ನಾಲಗೆಯ ತುದಿಯನ್ನು ಹಲ್ಲಿನ ಹಿಂದೆ ಒತ್ತಿ ಎಳೆದು ನಾವು ಲೊಚಗುಟ್ಟುತ್ತೇವಲ್ಲ, ಅದೇ ಸದ್ದು. ಮಾತಿನ ನಡುವೆ ಗೋಡೆಯ ಹಲ್ಲಿ ಲೊಚಗುಟ್ಟಿದರೆ ‘ನೋಡು, ಸತ್ಯ’ ಎಂದು ನೆಲ ತಟ್ಟುವ ಅಜ್ಜಿಯಂದಿರ ಮನೆಯಲ್ಲಿ ಬೆಳೆದವನು ನಾನು. ನಮಗೆ ಆ ಸದ್ದು ಮಾತಿನ ಹೊರಗಿನದು, ಕನಿಕರದ್ದು, ಶಕುನದ್ದು. ನೂ ನುಡಿಯಲ್ಲಿ ಅದು ಕಕಾರದಷ್ಟೇ ಸಹಜವಾದ ವ್ಯಂಜನ.

ಅಂಥವು ಐದು ಬಗೆ. ತುಟಿ ಕೂಡಿಸಿ ಮುತ್ತಿಡುವ ಸದ್ದು ಒಂದು. ಹಲ್ಲಿನ ಹಿಂದಿನ ಲೊಚ್ ಇನ್ನೊಂದು. ಗಾಡಿಯವನು ಎತ್ತನ್ನು ಹುರಿದುಂಬಿಸಲು ಕೆನ್ನೆಯ ಬದಿಯಲ್ಲಿ ಹೊರಡಿಸುವ ಸದ್ದು ಮೂರನೆಯದು. ನಾಲಗೆಯನ್ನು ಹಲ್ಲಿನ ಬುಡದ ದಿಣ್ಣೆಗೆ ಒತ್ತಿ ಬಿಟ್ಟಾಗ ಬಾಟಲಿಯ ಬಿರಡೆ ಕಿತ್ತಂತೆ ಟೊಕ್ ಎನ್ನುವುದು ನಾಲ್ಕನೆಯದು. ನಾಲಗೆಯನ್ನು ಅಗಲಿಸಿ ಅಂಗುಳಕ್ಕೆ ತಟ್ಟಿದಾಗ ಬರುವ ಚಟ್ ಎನ್ನುವ ಚೂಪು ಸದ್ದು ಐದನೆಯದು. ಮಾಡುವ ಬಗೆ ಎಲ್ಲಕ್ಕೂ ಒಂದೇ. ಬಾಯಲ್ಲಿ ಮುಂದೊಂದು ಹಿಂದೊಂದು ಬಾಗಿಲು ಮುಚ್ಚಿ, ನಡುವೆ ನಾಲಗೆಯನ್ನು ಕೆಳಕ್ಕೆ ಎಳೆದರೆ ಸಿಕ್ಕಿಬಿದ್ದ ಗಾಳಿ ತೆಳುವಾಗುತ್ತದೆ. ಮುಂದಿನ ಬಾಗಿಲು ತೆರೆದ ಕೂಡಲೇ ಹೊರಗಿನ ಗಾಳಿ ಒಳನುಗ್ಗಿ ಸದ್ದಾಗುತ್ತದೆ. ಇದರ ಜೊತೆಗೇ ಮೂಗು, ಗಂಟಲು, ಉಸಿರು ಬೇರೆ ಬೇರೆ ರೀತಿಯಲ್ಲಿ ಸೇರಿಕೊಂಡು ಐದು ಮೂಲ ಸದ್ದುಗಳು ನಲವತ್ತೈದಾಗುತ್ತವೆ. ಉಳಿದ ವ್ಯಂಜನ 30, ಸ್ವರ 39, ಒಟ್ಟು 114 ಧ್ವನಿಗಳು. ನಮ್ಮ ವರ್ಣಮಾಲೆಯ 49 ಅಕ್ಷರಗಳ ಪಕ್ಕದಲ್ಲಿ ಇಟ್ಟು ನೋಡಿ. ಮುತ್ತಿನ ಸದ್ದಂತೂ ಜಗತ್ತಿನಲ್ಲಿ ಬೆರಳೆಣಿಕೆಯ ಭಾಷೆಗಳಲ್ಲಷ್ಟೇ ವ್ಯಂಜನವಾಗಿ ಬಳಕೆಯಲ್ಲಿರುವುದು.

ಇಷ್ಟು ಸಂಪತ್ತಿದ್ದ ಭಾಷೆಯನ್ನು ಬಿಳಿಯ ಯಜಮಾನರು ಕರೆದದ್ದು ‘ಕೊಳಕು ಭಾಷೆ’ ಎಂದು.

ಭಾಷೆ ಕಣ್ಮರೆಯಾದ ಬಗೆ ಗೊತ್ತಾಗದೆ ಅದು ಸಿಕ್ಕಿದ ಬಗೆಯೂ ಅರ್ಥವಾಗುವುದಿಲ್ಲ. ಅದಕ್ಕೆ 1936ಕ್ಕೆ ಹೋಗಬೇಕು. ಆ ವರ್ಷ ಡೊನಾಲ್ಡ್ ಬೇನ್ ಎಂಬಾತ ದಕ್ಷಿಣ ಕಲಹರಿಯ ಸುಮಾರು 70 ಜನರನ್ನು ಒಂದೆಡೆ ಸೇರಿಸಿದ. ಇವರಿಗೊಂದು ಮೀಸಲು ಜಾಗ ಕೊಡಿಸಬೇಕು ಎಂಬುದು ಅವನ ಬಯಕೆ. ಸರ್ಕಾರದ ಕಣ್ಣು ತೆರೆಸಲು ಅವನು ಕಂಡುಕೊಂಡ ದಾರಿಯೆಂದರೆ ಅವರನ್ನು ಜೊಹಾನ್ಸ್‌ಬರ್ಗಿನ ಸಾಮ್ರಾಜ್ಯ ವಸ್ತುಪ್ರದರ್ಶನದಲ್ಲಿ ಜನರ ಮುಂದೆ ತಂದು ನಿಲ್ಲಿಸುವುದು. ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯದ ವಿದ್ವಾಂಸರು ಬಂದರು. ಮೈಯಳತೆ ತೆಗೆದರು, ಮುಖದ ಅಚ್ಚು ತೆಗೆದರು. ಕ್ಲೆಮೆಂಟ್ ಡೋಕ್‌ನಂಥ ಭಾಷಾಶಾಸ್ತ್ರಜ್ಞರು ನುಡಿಯನ್ನು ದಾಖಲಿಸಿದರು. ಮರುವರ್ಷ ಅದೆಲ್ಲ ‘ಬಾಂಟು ಸ್ಟಡೀಸ್’ ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಮೀಸಲು ಜಾಗ ಮಾತ್ರ ಸಿಗಲಿಲ್ಲ. ವಿಜ್ಞಾನಕ್ಕೆ ಬೇಕಾದದ್ದೆಲ್ಲ ದಕ್ಕಿತು, ಆ ಜನ ಬರಿಗೈಯಲ್ಲಿ ಮರುಭೂಮಿಗೆ ಮರಳಿದರು. ಈ ಭಾಗವನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವತ್ತಿನ ಧ್ವನಿ ದಾಖಲೆ ಇಲ್ಲದಿದ್ದರೆ ಮುಂದೆ ಎಲ್ಸಿಯ ಮಾತನ್ನು ಹೋಲಿಸಿ ನೋಡಲು ಏನೂ ಇರುತ್ತಿರಲಿಲ್ಲ, ಅದೂ ನಿಜ.

ಆಮೇಲೆ 1950ರ ಜನಸಂಖ್ಯಾ ನೋಂದಣಿ ಕಾಯಿದೆ ಬಂತು. ಪ್ರತಿಯೊಬ್ಬರಿಗೂ ಒಂದು ವರ್ಣದ ಹಣೆಪಟ್ಟಿ ಕಡ್ಡಾಯ. ಸ್ಯಾನ್ ಜನ ‘ಕಲರ್ಡ್’ ಎಂಬ ಖಾನೆಯೊಳಗೆ ಬಿದ್ದರು. ಕಾಗದದ ಮೇಲೆ ಅವರು ಇಲ್ಲವಾದ ಮೇಲೆ ಅವರ ಭಾಷೆಯೂ ಇಲ್ಲವಾಯಿತು. ಹೊಲಮನೆಗಳಲ್ಲಿ ಕುರಿ ಕಾಯಲು, ಪಾತ್ರೆ ತೊಳೆಯಲು ಸೇರಿದವರಿಗೆ ಯಜಮಾನನ ಆಫ್ರಿಕಾನ್ಸ್ ಬಾರದೆ ಗತಿಯಿಲ್ಲ. ಹೆಸರುಗಳೂ ಆ ಭಾಷೆಯವೇ. ಮುಂದೆ ಈ ಕತೆಯಲ್ಲಿ ಬರುವ ಗ್ರೀಟ್ ಎಂಬ ಅಜ್ಜಿಯ ಮನೆತನದ ಹೆಸರು ಸೀಕೂಯ್, ಅಂದರೆ ನೀರಾನೆ. ಹಾಗೆಯೇ ಮುಂದೆ ಬರುವ ಕತ್ರಿನಾ ಎಸಾವ್ ಅವರನ್ನು ಹೊಲದ ಯಜಮಾನ ಕರೆಯುತ್ತಿದ್ದದ್ದು ಖೀಲ್‌ಮೇಯ್ಟ್ ಎಂದು, ಅಂದರೆ ಹಳದಿ ಕೆಲಸದವಳು.

ಹೀಗಾಗಿ ತಾಯಂದಿರು ಮಕ್ಕಳ ಜೊತೆ ಈ ನುಡಿ ಆಡುವುದನ್ನು ಬಿಟ್ಟರು. ಬೇರೆ ಬೇರೆ ಊರುಗಳಲ್ಲಿ ಮನೆಗೊಬ್ಬರಂತೆ ಉಳಿದ ಮುದುಕಿಯರಿಗೆ ಆಡಲು ಜೊತೆಯೇ ಇರಲಿಲ್ಲ. ನಾನೇ ಕೊನೆಯವಳು ಎಂದುಕೊಂಡು ಬಾಯಿ ಮುಚ್ಚಿಕೊಂಡರೆ ನೂರು ಕಿಲೋಮೀಟರ್ ಆಚೆ ಇನ್ನೊಬ್ಬಾಕೆಯೂ ಹಾಗೆಯೇ ಅಂದುಕೊಂಡಿರಬಹುದು. ಭಾಷೆಗೆ ಬೀಗ ಹಾಕಿದ್ದು ಮರೆವಲ್ಲ, ನಾಚಿಕೆ.

ಅದೇ ಕಾರಣಕ್ಕೆ ಹುಡುಕುವ ಕೆಲಸ ಜನಗಣತಿಯಂತೆ ನಡೆಯಲು ಸಾಧ್ಯವಿರಲಿಲ್ಲ. ಅಪರಿಚಿತರು ಬಾಗಿಲು ತಟ್ಟಿ ‘ನಿಮಗೆ ಆ ಭಾಷೆ ಬರುತ್ತದೆಯೆ’ ಎಂದರೆ ಬರುವುದಿಲ್ಲ ಎಂಬ ಉತ್ತರವೇ ಸಿಗುವುದು. ಕ್ರಾಹಾಲ್ ಮತ್ತು ಜೊತೆಗಾರರು ಹಿಡಿದದ್ದು ನೆಂಟಸ್ತಿಕೆಯ ದಾರಿ. ನಿಮ್ಮ ಅಕ್ಕ ಯಾರು, ಅವರನ್ನು ಎಲ್ಲಿಗೆ ಕೊಟ್ಟರು, ಚಿಕ್ಕಂದಿನಲ್ಲಿ ನಿಮ್ಮ ಜೊತೆ ಗೆಡ್ಡೆ ಅಗೆಯಲು ಬರುತ್ತಿದ್ದವರು ಯಾರು, ಅವರ ಮಕ್ಕಳು ಈಗ ಯಾವ ಹೊಲದಲ್ಲಿದ್ದಾರೆ. ನಮ್ಮಲ್ಲಿ ಹೆಣ್ಣು ನೋಡಲು ಹೊರಟವರು ವಂಶಾವಳಿ ಬಿಡಿಸುತ್ತಾರಲ್ಲ, ಹಾಗೆ. ಒಂದು ಮನೆಯ ನೆನಪು ಇನ್ನೊಂದು ಮನೆಯ ಬಾಗಿಲು ತೋರಿಸುತ್ತಿತ್ತು. ಜೊತೆಯಲ್ಲಿ ದುಡಿದವರಲ್ಲಿ ನಮೀಬಿಯಾದ ಲೀವೈ ನಾಮಸೆಬ್ ಒಬ್ಬರು. ಅವರ ತಾಯಿನುಡಿ ಖೋಯ್‌ಖೋಯ್‌ಗೂ ಇಂಥ ಸದ್ದುಗಳಿವೆ, ಎಷ್ಟೋ ಮಂದಿ ಖೋಮಾನಿಗಳು ಆ ಭಾಷೆಯನ್ನು ಆಡಬಲ್ಲವರಾಗಿದ್ದರು. ಕೇಳುವವನ ಬಾಯಲ್ಲೂ ಲೊಚಗುಟ್ಟುವ ಸದ್ದಿದ್ದರೆ ಎದುರಿಗಿರುವವರ ನಾಚಿಕೆ ಅರ್ಧ ಕರಗುತ್ತದೆ.

ಕೆಲವೇ ವರ್ಷಗಳಲ್ಲಿ ಒಬ್ಬರಿದ್ದದ್ದು ಇಪ್ಪತ್ತರ ಆಸುಪಾಸಿಗೆ ಬಂತು. ಬಹುತೇಕ ಎಲ್ಲರೂ ಅರವತ್ತು ದಾಟಿದವರು. ಆರೆಂಜ್ ನದಿಯ ದಡದ ಅಪಿಂಗ್ಟನ್ ಪಟ್ಟಣದ ಬಡಾವಣೆಗಳಲ್ಲಿ ಅಕ್ಕತಂಗಿಯರು ಸಿಕ್ಕರು, ಹನ್ನಾ ಕೋಪರ್, ಗ್ರೀಟ್ ಸೀಕೂಯ್, ಕತ್ರಿನಾ ಎಸಾವ್. ಪೂರ್ವದ ಕಡೆಯವರ ನುಡಿಗೂ ಪಶ್ಚಿಮದವರ ನುಡಿಗೂ ವ್ಯತ್ಯಾಸವಿತ್ತು. ಸತ್ತಿದೆ ಎಂದು ಬರೆದ ಭಾಷೆಯಲ್ಲಿ ಎರಡು ಉಪಭಾಷೆಗಳೇ ಇನ್ನೂ ಉಸಿರಾಡುತ್ತಿದ್ದವು.

ಈ ಹಿರಿಯರ ನೆನಪಿನಲ್ಲಿ ಉದ್ಯಾನದೊಳಗಿನ ನೀರಿನ ತಾವುಗಳು, ಮರಗಳು, ಗೋರಿಗಳು, ಹಳೆಯ ಬಿಡಾರಗಳು ಹೆಸರು ಸಮೇತ ಇದ್ದವು. ಸ್ಯಾನ್ ಸಂಸ್ಥೆಯವರು ಅವನ್ನು ನಕ್ಷೆಗೆ ಇಳಿಸಿದರು. ಮಾನವಶಾಸ್ತ್ರಜ್ಞ ಹ್ಯೂ ಬ್ರೋಡಿ ಆ ವರ್ಷಗಳನ್ನೆಲ್ಲ ಚಿತ್ರೀಕರಿಸಿದರು. 1999ರ ಮಾರ್ಚ್ 21ರಂದು, ಆಗ ಉಪಾಧ್ಯಕ್ಷರಾಗಿದ್ದ ಥಾಬೊ ಎಂಬೆಕಿ ಮರುಭೂಮಿಗೇ ಬಂದು ಒಪ್ಪಂದಕ್ಕೆ ಸಹಿ ಹಾಕಿದರು. ಉದ್ಯಾನದ ಹೊರಗೆ ಸುಮಾರು 40,000 ಹೆಕ್ಟೇರ್ ನೆಲ ಖೋಮಾನಿಗಳಿಗೆ ಬಂತು, ಉದ್ಯಾನದೊಳಗಿನ ಹಕ್ಕು ಆಮೇಲೆ. 2017ರಲ್ಲಿ ಯುನೆಸ್ಕೊ ಆ ಭೂಭಾಗವನ್ನು ವಿಶ್ವ ಪರಂಪರೆಯ ತಾಣವೆಂದು ಸೇರಿಸಿಕೊಂಡಿತು.

ನಾರ್ದರ್ನ್ ಕೇಪ್ ಪ್ರಾಂತ ತನ್ನ ಲಾಂಛನಕ್ಕೊಂದು ಧ್ಯೇಯವಾಕ್ಯ ಬೇಕೆಂದಾಗ ಅದನ್ನು ಕೊಟ್ಟವರು ರೀಟ್‌ಫೊಂಟೇನಿನ ಎಲ್ಸಿ ಅಜ್ಜಿ. ಒಳ್ಳೆಯ ಬಾಳಿನತ್ತ ಸಾಗೋಣ ಎಂಬ ಅರ್ಥದ ನೂ ಮಾತು ಅದು. ದೇಶದ ಲಾಂಛನದ ಮೇಲೂ 2000ದಿಂದ ಸ್ಯಾನ್ ಮಾತೇ ಇದೆ. ಅದು ಖಾಮ್ ಎಂಬ ಭಾಷೆಯದು, ನೂ ನುಡಿಯ ಸೋದರಿ. 1870ರ ದಶಕದಲ್ಲಿ ಕೇಪ್‌ಟೌನಿನಲ್ಲಿ ವಿಲ್ಹೆಲ್ಮ್ ಬ್ಲೀಕ್ ಮತ್ತು ಲೂಸಿ ಲಾಯ್ಡ್ ಸೆರೆಯಾಳುಗಳಾಗಿ ಬಂದಿದ್ದ ಖಾಮ್ ಜನರಿಂದ ಕತೆ ಕೇಳಿ ಸಾವಿರಾರು ಪುಟ ಬರೆದುಕೊಂಡರು. ಪುಟಗಳು ಉಳಿದಿವೆ, ಆಡುವ ಒಬ್ಬರೂ ಉಳಿದಿಲ್ಲ. ದೇಶದ ವಾಕ್ಯವನ್ನು ಬರೆಯಲು ಪುಸ್ತಕ ತೆರೆಯಬೇಕಾಯಿತು. ಪ್ರಾಂತದ ವಾಕ್ಯಕ್ಕೆ ಒಬ್ಬ ಮುದುಕಿಯನ್ನು ಕೇಳಿದರೆ ಸಾಕಾಯಿತು.

ನಮ್ಮ ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಯರ ಪೂರ್ವಜರೂ ಆಫ್ರಿಕಾದ ನುಡಿಗಳನ್ನು ಆಡುತ್ತಲೇ ಹಡಗು ಹತ್ತಿದವರು. ಇವತ್ತು ಅವರಲ್ಲಿ ಹೆಚ್ಚಿನವರ ಮನೆಮಾತು ಕೊಂಕಣಿ. ನೂ ನುಡಿಯ ಕತೆ ಓದುವಾಗ ಅವರ ನೆನಪು ಬಂದೇ ಬರುತ್ತದೆ. ಅಲ್ಲಿ ಹುಡುಕಿಕೊಂಡು ಹೋಗಲು ಕೊನೆಗೊಬ್ಬಳು ಅಜ್ಜಿಯಾದರೂ ಇದ್ದಳು.

ಭಾಷೆ ಸಿಕ್ಕಿದ ಮೇಲೆ ಅದರ ಧ್ವನಿಗಳನ್ನು ಅರಿಯುವ ಕೆಲಸ ಶುರುವಾಯಿತು. ಅಮಾಂಡಾ ಮಿಲ್ಲರ್, ಬಾನಿ ಸ್ಯಾಂಡ್ಸ್ ಮತ್ತು ನಾಮಸೆಬ್ ಮುಂತಾದವರ ತಂಡ ಅಲ್ಟ್ರಾಸೌಂಡ್ ಯಂತ್ರ ಹೊತ್ತುಕೊಂಡು ಬಂತು. ಬಸುರಿಯ ಹೊಟ್ಟೆಯೊಳಗಿನ ಕೂಸನ್ನು ನೋಡುವ ಯಂತ್ರವೇ. ಇಲ್ಲಿ ಅದನ್ನು ಹಿಡಿದದ್ದು ಗದ್ದದ ಕೆಳಗೆ. ಪರದೆಯ ಮೇಲೆ ಬೆಳ್ಳಗಿನ ಬಿಲ್ಲಿನಂತೆ ನಾಲಗೆಯ ಬೆನ್ನು ಕಾಣುತ್ತದೆ. ಲೊಚ್ ಎನ್ನುವ ಕ್ಷಣದಲ್ಲಿ ಅದು ಎಲ್ಲಿ ಕುಸಿಯಿತು, ಹಿಂಬದಿ ಎಲ್ಲಿ ಅಂಟಿಕೊಂಡಿತು ಎಂದು ಅಳೆಯಬಹುದು. ಈ ಸದ್ದುಗಳಲ್ಲಿ ಹಿಂದಿನ ಬಾಗಿಲು ಕಕಾರದ ಜಾಗದಲ್ಲಿ ಮುಚ್ಚುತ್ತದೆ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. ಅದು ಇನ್ನೂ ಹಿಂದೆ, ಕಿರುನಾಲಗೆಯ ಹತ್ತಿರ ಮುಚ್ಚುತ್ತದೆ ಎಂದು ಈ ಅಜ್ಜಿಯರ ನಾಲಗೆ ತೋರಿಸಿಕೊಟ್ಟಿತು. 2009ರಲ್ಲಿ ಆ ಲೇಖನ ಪ್ರಕಟವಾಯಿತು. ಎರಡು ವರ್ಷಗಳ ಬಳಿಕ ಕ್ರಿಸ್ ಕಾಲಿನ್ಸ್ ಮತ್ತು ನಾಮಸೆಬ್ ಬರೆದ ವ್ಯಾಕರಣದ ರೂಪರೇಖೆ ಹೊರಬಂತು.

ಆದರೆ ವ್ಯಾಕರಣ ಪುಸ್ತಕದಿಂದ ಮಗು ಮಾತು ಕಲಿಯುವುದಿಲ್ಲ. ಅದಕ್ಕೆ ಒಬ್ಬರು ಎದುರಿಗೆ ಕೂತು ಆಡಬೇಕು. ಆ ಕೆಲಸಕ್ಕೆ ಕೈಹಾಕಿದವರು ಕತ್ರಿನಾ ಎಸಾವ್.

1933ರಲ್ಲಿ ಹುಟ್ಟಿ ಹೊಲಮನೆಯಲ್ಲಿ ಬೆಳೆದ ಹೆಣ್ಣುಮಗಳು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಓದು ಬರಹ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಆ ಕೊಳಕು ಭಾಷೆ ಆಡಬೇಡಿ ಎಂದು ಗದರಿಸಿಕೊಂಡವರು. ತನ್ನ ಮಕ್ಕಳಿಗೂ ಅವರು ಅದನ್ನು ದಾಟಿಸಿರಲಿಲ್ಲ. ಭಾಷೆ ಸಿಕ್ಕಿತು ಎಂದು ಲೋಕ ಸಂಭ್ರಮಪಟ್ಟ ಮೇಲೆ, ಅಪಿಂಗ್ಟನಿನ ರೋಸ್‌ಡೇಲ್ ಬಡಾವಣೆಯ ತಮ್ಮ ಮನೆಯಲ್ಲೇ ಓಣಿಯ ಮಕ್ಕಳನ್ನು ಕೂರಿಸಿಕೊಂಡರು. ಮಕ್ಕಳು ಅವರನ್ನು ಊಮಾ ಎನ್ನುತ್ತಾರೆ, ಆಫ್ರಿಕಾನ್ಸ್‌ನಲ್ಲಿ ಅಜ್ಜಿ. ಆ ಮಕ್ಕಳ ಮನೆಯಲ್ಲಿ ಆಡುವುದೆಲ್ಲ ಆಫ್ರಿಕಾನ್ಸ್. ಊಮಾ ಕಲಿಸಿದ್ದು ನಮಸ್ಕಾರ ಹೇಳುವುದು, ಮೈಯ ಅಂಗಗಳು, ಪ್ರಾಣಿಗಳ ಹೆಸರು, ಪ್ರಾರ್ಥನೆ, ಹಾಡು, ಕುಣಿತ, ಕತೆ. ತಾವು ತಾಯಿಯ ಬಾಯಿಂದ ಕಲಿತ ಹಾಗೆಯೇ.

ಕೇಪ್‌ಟೌನ್ ವಿಶ್ವವಿದ್ಯಾಲಯದ ಶೀನಾ ಶಾ ಮತ್ತು ಮಥಿಯಾಸ್ ಬ್ರೆನ್ಝಿಂಗರ್ ಕತ್ರಿನಾ ಅವರೊಂದಿಗೆ ಕೂತು ಲಿಪಿ ರೂಪಿಸಿದರು. ಒಂದೊಂದು ಸದ್ದಿಗೂ ಒಂದು ಗುರುತು, ಕಲಿಸಲು ಗೋಡೆಗೆ ತೂಗುಹಾಕುವ ಪಟಗಳು. ನಿಂತ ಗೀಟು ಹಲ್ಲಿನ ಹಿಂದಿನ ಲೊಚ್‌ಗೆ, ಜೋಡಿ ಗೀಟು ಗಾಡಿಯವನ ಸದ್ದಿಗೆ, ಉದ್ಗಾರ ಚಿಹ್ನೆ ಬಿರಡೆ ಕಿತ್ತ ಸದ್ದಿಗೆ, ನಿಂತ ಗೀಟಿಗೆ ಎರಡು ಅಡ್ಡಗೀಟು ಎಳೆದರೆ ಚಟ್ ಎನ್ನುವುದಕ್ಕೆ. ಮುತ್ತಿನ ಸದ್ದಿಗೆ ಒಂದು ವೃತ್ತ, ಅದರ ನಡುವೆ ಚುಕ್ಕಿ. 2016ರಲ್ಲಿ ನೂ, ಆಫ್ರಿಕಾನ್ಸ್, ಇಂಗ್ಲಿಷ್ ಮೂರರಲ್ಲೂ ಒಂದು ಪಾಠಪುಸ್ತಕ ಸಿದ್ಧವಾಯಿತು. ಖೀಲ್‌ಮೇಯ್ಟ್ ಅಜ್ಜಿ ನೂ ಕಲಿಸುತ್ತಾಳೆ ಎಂಬುದು ಅದರ ಹೆಸರು. ಯಜಮಾನ ಇಟ್ಟ ಹೀನ ಹೆಸರು ಮುಖಪುಟದ ಮೇಲೆ ಕಲಿಸುವವಳ ಹೆಸರಾಗಿ ನಿಂತಿತು.

ಗೌರವಗಳೂ ಬಂದವು. 2014ರಲ್ಲಿ ಸರ್ಕಾರ ಆರ್ಡರ್ ಆಫ್ ದ ಬಾವ್‌ಬಾಬ್ ಕೊಟ್ಟಿತು. 2023ರಲ್ಲಿ ಕೇಪ್‌ಟೌನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಇವುಗಳ ನಡುವೆಯೇ ಜೊತೆಯವರು ಒಬ್ಬೊಬ್ಬರಾಗಿ ಹೋದರು. ಹನ್ನಾ ಹೋದರು, ಗ್ರೀಟ್ ಹೋದರು. ತಮ್ಮ ಸೈಮನ್ ಸೌಲ್ಸ್ 2021ರಲ್ಲಿ ತೀರಿಕೊಂಡ ಮೇಲೆ ನೂ ನುಡಿಯನ್ನು ಸರಾಗವಾಗಿ ಆಡುವವರೆಂದು ಗೊತ್ತಿದ್ದವರು ಕತ್ರಿನಾ ಒಬ್ಬರೇ. ಕೊರೊನಾದ ಬೀಗಮುದ್ರೆಯ ದಿನಗಳಲ್ಲಿ ಕತ್ರಿನಾ ಪಾಠ ಹೇಳುತ್ತಿದ್ದ ಶಾಲೆಯ ಕಟ್ಟಡವನ್ನು ಯಾರೋ ಹಾಳುಗೆಡವಿದರು, ಪಾಠ ಅಲ್ಲಿಗೆ ನಿಂತಿತು.

ಭಾಷೆಯೊಂದು ಉಳಿಯುವುದು ಎಂದರೆ ಪದಗಳ ಪಟ್ಟಿ ಉಳಿಯುವುದಲ್ಲ. ನೂ ನುಡಿಗೆ ಈಗ ನಾಲ್ಕು ಭಾಷೆಗಳ ನಿಘಂಟಿದೆ, ಮೊಬೈಲಿನಲ್ಲಿ ಸದ್ದು ಕೇಳಬಹುದು. ಆದರೆ ಮಾತಿಗೆ ಮರುಮಾತು ಬೇಕು. ಜಗಳವಾಡಲು, ಗೊಣಗಲು, ನಡುವೆ ಬಾಯಿಹಾಕಲು ಒಬ್ಬರು ಬೇಕು. ತಮ್ಮನಿಲ್ಲದ ಮನೆಯಲ್ಲಿ ಅಜ್ಜಿ ಒಂದು ವಾಕ್ಯ ಹೇಳಿದರೆ ಮಕ್ಕಳು ಒಂದು ಪದದಲ್ಲಿ ಉತ್ತರಿಸಬಲ್ಲರು. ಇದು ಕಹಿ, ಆದರೂ ಆ ಒಂದು ಪದ 1996ರಲ್ಲಿ ಯಾವ ಮಗುವಿನ ಬಾಯಲ್ಲೂ ಇರಲಿಲ್ಲ.

ಉತ್ತರಿಸುವವರಲ್ಲಿ ಮೊಮ್ಮಗಳು ಕ್ಲೌಡಿಯಾ ಸ್ನೈಮನ್ ಮೊದಲಿಗಳು. ಅಜ್ಜಿಯ ಬಳಿ ಕಲಿತು, ಅಜ್ಜಿಯ ಜೊತೆಗೇ ಪಾಠ ಹೇಳಿದವಳು. 2021ರಲ್ಲಿ ಇಬ್ಬರೂ ಸೇರಿ ಒಂದು ಮಕ್ಕಳ ಪುಸ್ತಕ ತಂದರು. ಆಮೆ ಮತ್ತು ಉಷ್ಟ್ರಪಕ್ಷಿಯ ಕತೆ. ಅದನ್ನು ಹೇಳಿದವರು ಅಜ್ಜಿ, ಬರೆದು ಪುಸ್ತಕವಾಗಿಸಿದವಳು ಮೊಮ್ಮಗಳು. ನೂ ನುಡಿಯ ಸಾಲುಗಳ ಜೊತೆಗೆ ಆಫ್ರಿಕಾನ್ಸ್ ಮತ್ತು ಇಂಗ್ಲಿಷ್ ಸಾಲುಗಳೂ ಇವೆ. ಅಜ್ಜಿಗೆ ಆ ಪುಟಗಳನ್ನು ಓದಲು ಬರುವುದಿಲ್ಲ. ಮೊಮ್ಮಗಳು ಗೀಟು ಚುಕ್ಕಿಗಳ ಮೇಲೆ ಬೆರಳಾಡಿಸುತ್ತ ಓದಬೇಕು. ಲೊಚ್ ಎನ್ನುವಲ್ಲಿ ಟೊಕ್ ಅಂದರೆ ತಿದ್ದಲು ಅಜ್ಜಿಯೇ ಬೇಕು.